ಡೆಕ್ಸಾ ಸ್ಕ್ಯಾನ್: ಹೋಗುವ ಮುಂಚೆ, ಮಲಗಿದಾಗ, ರಿಪೋರ್ಟ್ ಬಂದ ಮೇಲೆ

ಉಚಿತ ಶಿಬಿರದಲ್ಲಿ ಹಿಮ್ಮಡಿಯನ್ನು ಪುಟ್ಟ ಯಂತ್ರದೊಳಗೆ ಇಡಿಸಿ, 'ಮೂಳೆ ವೀಕ್ ಆಗಿದೆ' ಎಂದು ಚೀಟಿ ಕೊಟ್ಟರೆ ಗಾಬರಿಯಾಗಬೇಡಿ. 'ಚೆನ್ನಾಗಿದೆ' ಎಂದರೆ ಅಷ್ಟಕ್ಕೇ ಸುಮ್ಮನಾಗಲೂಬೇಡಿ. ಅದು ಅಲ್ಟ್ರಾಸೌಂಡ್ ಯಂತ್ರ. ಮುಂದಿನ ಪರೀಕ್ಷೆ ಯಾರಿಗೆ ಬೇಕಾಗಬಹುದು ಎಂಬ ಸೂಚನೆ ಕೊಡುತ್ತದೆ, ಅಷ್ಟೆ. ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆ) ಇದೆಯಾ ಎಂದು ಸರಿಯಾಗಿ ಅಳೆಯಲು ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ ಬೇಕು.

ಮೊದಲು, ಯಾರಿಗೆ ಬೇಕು? 65 ದಾಟಿದ ಹೆಂಗಸರಿಗೆ, 70 ದಾಟಿದ ಗಂಡಸರಿಗೆ. ಕೆಲವರಿಗೆ ಇನ್ನೂ ಮುಂಚೆಯೇ ಬೇಕಾಗುತ್ತದೆ: ಬೇಗ ಮುಟ್ಟು ನಿಂತವರು, ಉಬ್ಬಸಕ್ಕೋ ಸಂಧಿವಾತಕ್ಕೋ 3 ತಿಂಗಳಿಗಿಂತ ಜಾಸ್ತಿ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ನಿಂತಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡವರು. ವಯಸ್ಸಾದಂತೆ ಎತ್ತರ ಕಡಿಮೆಯಾಗುತ್ತಿದ್ದರೂ ಡಾಕ್ಟರಿಗೆ ಹೇಳಿ. ಬೆನ್ನುಮೂಳೆ ಕುಸಿದರೂ ಎಷ್ಟೋ ಸಲ ನೋವೇ ಇರುವುದಿಲ್ಲ.

ಸ್ಕ್ಯಾನ್ ಸೆಂಟರ್‌ಗೆ ಫೋನ್ ಮಾಡಿದಾಗ, ಬೆನ್ನು ಮತ್ತು ಸೊಂಟದ ಕೀಲು ಎರಡನ್ನೂ ತೆಗೆಯುತ್ತಾರಾ ಎಂದು ಕೇಳಿ. ಎರಡೂ ಬೇಕು. ಇತ್ತೀಚೆಗೆ ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆಸಿದ್ದರೆ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಹಾಕಿ ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ಆಗಲೇ ಹೇಳಿಬಿಡಿ. ಒಂದೆರಡು ವಾರ ಮುಂದೂಡುತ್ತಾರೆ. ಬಸುರಿಯಾಗಿರಬಹುದು ಎಂಬ ಅನುಮಾನವಿದ್ದರೂ ಹೇಳಲೇಬೇಕು. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿ. ಊಟ-ತಿಂಡಿ ಬಿಡಬೇಕಿಲ್ಲ.

ಬಟ್ಟೆಯ ವಿಷಯ ಸಣ್ಣದು ಅನ್ನಿಸುತ್ತದೆ, ಆದರೆ ಎಡವಟ್ಟಾಗುವುದು ಇಲ್ಲೇ. ಲೋಹ ಇರುವ ಕಡೆ ಮೂಳೆ ಇರುವುದಕ್ಕಿಂತ ಗಟ್ಟಿಯಾಗಿ ಕಾಣಬಹುದು. ಬೆಳ್ಳಿ ಉಡಿದಾರ ಸರಿಯಾಗಿ ಅಳೆಯುವ ಜಾಗದಲ್ಲೇ ಕೂತಿರುತ್ತದೆ! ಅದನ್ನು ಬಿಚ್ಚಿಡಿ. ಲಂಗಕ್ಕೆ ಸಿಕ್ಕಿಸಿದ ಪಿನ್ನು, ಪ್ಯಾಂಟಿನ ಜಿಪ್, ಬೆಲ್ಟ್ ಕೂಡ ಬೇಡ. ಉದ್ದನೆಯ ತಾಳಿ ಸರವನ್ನು ಮೇಲಕ್ಕೆ ಸರಿಸಿಕೊಂಡರೆ ಸಾಕು.

ಇದು ಎಂಆರ್‌ಐ ತರಹದ ಸುರಂಗವಲ್ಲ. ತೆರೆದ ಮಂಚ, ಮೇಲೆ ನಿಧಾನಕ್ಕೆ ಸರಿಯುವ ಒಂದು ತೋಳು. ಬೆನ್ನಿನ ಚಿತ್ರಕ್ಕೆ ಕಾಲಡಿ ಚೌಕದ ದಿಂಬು ಇಟ್ಟು ಮಂಡಿ ಮಡಚಿಸುತ್ತಾರೆ. ಸೊಂಟದ ಚಿತ್ರಕ್ಕೆ ಪಾದವನ್ನು ಒಳಕ್ಕೆ ತಿರುಗಿಸಿ ಪಟ್ಟಿ ಕಟ್ಟುತ್ತಾರೆ. ಆ ಹೊತ್ತು ಅಲುಗಾಡಬೇಡಿ. ಸೊಂಟದ ಕೀಲು ಬದಲಿಸಿದ್ದರೆ ಇನ್ನೊಂದು ಕಡೆ ತೆಗೆಯಬೇಕು, ಮರೆಯದೆ ಹೇಳಿ. ಕಾಲು ಗಂಟೆಯೊಳಗೆ ಸಾಮಾನ್ಯವಾಗಿ ಮುಗಿಯುತ್ತದೆ. ವಿಕಿರಣ ಎದೆಯ ಎಕ್ಸ್-ರೇಗಿಂತಲೂ ಕಡಿಮೆ.

ರಿಪೋರ್ಟಿನಲ್ಲಿ ನೋಡಬೇಕಾದ್ದು ಟಿ-ಸ್ಕೋರ್. ನಿಮ್ಮ ಮೂಳೆ, ಆರೋಗ್ಯವಾಗಿರುವ ಹರೆಯದವರ ಮೂಳೆಗಿಂತ ಎಷ್ಟು ಹಿಂದಿದೆ ಎಂಬ ಲೆಕ್ಕ ಅದು. -1 ಅಥವಾ ಅದಕ್ಕಿಂತ ಮೇಲಿದ್ದರೆ ಸರಿ. -1 ಮತ್ತು -2.5ರ ನಡುವೆ ಇದ್ದರೆ ಆಸ್ಟಿಯೊಪೀನಿಯ, ಅಂದರೆ ಮೂಳೆ ಸ್ವಲ್ಪ ತೆಳುವಾಗಿದೆ ಎಂದರ್ಥ. -2.5 ಅಥವಾ ಅದಕ್ಕೂ ಕೆಳಗೆ ಹೋದರೆ ಆಸ್ಟಿಯೊಪೊರೋಸಿಸ್. ಬೆನ್ನು -1.1, ತೊಡೆಮೂಳೆಯ ಕತ್ತು (ಸೊಂಟದ ಕೀಲಿನ ಹತ್ತಿರದ ಭಾಗ) -2.7 ಅಂತ ಬಂತು ಅನ್ನಿ. ಸರಾಸರಿ ತೆಗೆಯಬೇಡಿ, ಲೆಕ್ಕಕ್ಕೆ ಬರುವುದು -2.7. ವಯಸ್ಸಾದವರಲ್ಲಿ ಬೆನ್ನುಮೂಳೆಯ ಅಂಚು ಬೆಳೆದು ಬೆನ್ನಿನ ಅಂಕಿ ಸುಮ್ನೆ ಚೆನ್ನಾಗಿ ಕಾಣುವುದುಂಟು. ಇನ್ನೂ ಮುಟ್ಟಾಗುತ್ತಿರುವ ಹೆಂಗಸರು, 50ರೊಳಗಿನ ಗಂಡಸರು ಟಿ-ಸ್ಕೋರ್ ಬಿಟ್ಟು ಜೆಡ್-ಸ್ಕೋರ್ ನೋಡಬೇಕು. ಅದು ಅದೇ ವಯಸ್ಸಿನವರ ಜೊತೆಗಿನ ಹೋಲಿಕೆ.

ಅಂಕಿ ಕೆಟ್ಟದಾಗಿದ್ದರೆ ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಡಬ್ಬಿ ತಂದು ಸುಮ್ಮನಾಗಬೇಡಿ. ವಿಟಮಿನ್ ಡಿ, ಥೈರಾಯ್ಡ್, ಕಿಡ್ನಿ ಪರೀಕ್ಷೆಗಳನ್ನು ಡಾಕ್ಟರು ಹೇಳಬಹುದು. ಮೂಳೆ ಸವೆತ ತಡೆಯುವ, ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆ ಬರೆದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಲೋಟದ ತುಂಬ ಬರೀ ನೀರಿನ ಜೊತೆ ನುಂಗಬೇಕು. ಕಾಫಿಗೆ ಅರ್ಧ ಗಂಟೆ ಕಾಯಲೇಬೇಕು. ಅಷ್ಟೂ ಹೊತ್ತು ಮಲಗುವಂತಿಲ್ಲ, ಇಲ್ಲದಿದ್ದರೆ ಅನ್ನನಾಳ ಸುಟ್ಟಂತಾಗಬಹುದು.

ಮತ್ತೆ ಸ್ಕ್ಯಾನ್ ಯಾವಾಗ ಎಂದು ಡಾಕ್ಟರು ಹೇಳುತ್ತಾರೆ, ಸಾಮಾನ್ಯವಾಗಿ 1-2 ವರ್ಷ ಬಿಟ್ಟು. ಎಲ್ಲೋ ಡಿಸ್ಕೌಂಟ್ ಇದೆ ಎಂದು ಸೆಂಟರ್ ಬದಲಿಸಬೇಡಿ. ಬೇರೆ ಯಂತ್ರದ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಹಳೆಯ ರಿಪೋರ್ಟ್ ಜೊತೆಗೆ ಒಯ್ಯಿರಿ. ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕದ ಸಾಂದ್ರತೆಯ ಅಂಕಿ ಶೇ 2-3ರಷ್ಟು ಆಚೀಚೆ ಆಗಿದ್ದರೆ ಅದು ಯಂತ್ರದ ಅಳತೆಯ ವ್ಯತ್ಯಾಸವೂ ಇರಬಹುದು. ಔಷಧಿ ತಗೊಳ್ಳುವಾಗ ಅಂಕಿ ಏರದೆ ಇದ್ದಲ್ಲೇ ಇದ್ದರೂ ಔಷಧಿ ಕೆಲಸ ಮಾಡುತ್ತಿದೆ ಎಂದೇ ಡಾಕ್ಟರು ಸಾಮಾನ್ಯವಾಗಿ ಓದುತ್ತಾರೆ.