ಸಿ ಡ್ರೈವ್ ಕೆಂಪಾದ ದಿನ
ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆಯ ಹಂಗಾಮಿನ ನಡುವೆ ಕಂಪ್ಯೂಟರಿನ ಸಿ ಡ್ರೈವ್ ತುಂಬಿ ಕೆಂಪಾಯಿತು: 118 ಜಿಬಿಯಲ್ಲಿ ಉಳಿದದ್ದು 300 ಎಂಬಿ. ಲಗ್ನಪತ್ರಿಕೆ ಸೇವ್ ಆಗುತ್ತಿಲ್ಲ. ಎದುರಿಗೆ ಹುಡುಗಿಯ ಸೋದರಮಾವ ಕುಳಿತು "ಇವತ್ತೇ ಬೇಕು ನೋಡಿ" ಎನ್ನುತ್ತಿದ್ದಾರೆ.

ಫೋಟೋಗಳನ್ನು ಡಿ ಡ್ರೈವಿಗೆ ಸಾಗಿಸಿದೆ. ಎರಡು ಜಿಬಿಯೂ ಸಿಗಲಿಲ್ಲ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಎರಡು ಶೇಕಡಾ ಚಿಹ್ನೆಗಳ ನಡುವೆ ಟೆಂಪ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಕೊಟ್ಟೆ; ತಾತ್ಕಾಲಿಕ ಫೈಲುಗಳ ಫೋಲ್ಡರ್ ತೆರೆಯಿತು. ಕಳ್ಳ ಅಲ್ಲಿದ್ದ! ಕರೆಂಟ್ ಹೋದಾಗಲೆಲ್ಲ ಚಿತ್ರ ತಿದ್ದುವ ತಂತ್ರಾಂಶ ಅರ್ಧಕ್ಕೇ ನಿಂತು, ತನ್ನ ತಾತ್ಕಾಲಿಕ ಫೈಲುಗಳನ್ನು ಅಲ್ಲೇ ಬಿಟ್ಟುಹೋಗಿತ್ತು. ಒಂದೊಂದೂ ಮೂರು ನಾಲ್ಕು ಜಿಬಿ. ಯುಪಿಎಸ್ ಬ್ಯಾಟರಿ ಬದಲಿಸದ ನನ್ನ ಜಿಪುಣತನದ ಫಲ. ತಂತ್ರಾಂಶ ಮುಚ್ಚಿ ಅವನ್ನು ಅಳಿಸಿದಾಗ 31 ಜಿಬಿ ಖಾಲಿಯಾಯಿತು. ಬಳಿಕ ಅದರ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕನ್ನು, ಅಂದರೆ ಆ ತಾತ್ಕಾಲಿಕ ಫೈಲುಗಳನ್ನು ಇಡುವ ಜಾಗವನ್ನು, ಡಿ ಡ್ರೈವಿಗೆ ಬದಲಿಸಿದೆ.

ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರನ್ನೂ ಅಳಿಸಿಬಿಡು ಎಂದು ಗೆಳೆಯನೊಬ್ಬ ಹೇಳಿದ್ದ. ಕೇಳಲಿಲ್ಲ; ಅದರಲ್ಲಿರುವುದು ವಿಂಡೋಸಿನದೇ ಬಿಡಿಭಾಗಗಳು, ಕೈಯಿಂದ ಅಳಿಸಿದರೆ ಕಂಪ್ಯೂಟರೇ ಏಳದಿರಬಹುದು. ವಿಂಡೋಸಿನದೇ ಡಿಸ್ಕ್ ಕ್ಲೀನಪ್ ಸಲಕರಣೆಯ ಮೂಲಕ ಹಳೆಯ ಅಪ್‌ಡೇಟುಗಳನ್ನಷ್ಟೇ ತೆಗೆದೆ.

ಸಂಜೆ ಐದಕ್ಕೆ ಪತ್ರಿಕೆ ಮುದ್ರಣಕ್ಕೆ ಹೋಯಿತು. ವರನ ಇನಿಷಿಯಲ್ ತಪ್ಪಾಗಿತ್ತು, ಅದು ಬೇರೆ ಕಥೆ.