ಅರವತ್ತು ದಾಟಿದರೆ ನಡುಗುವ ಲಾರಿ: ಕಾರಣ ಹುಡುಕುವುದು ಹೇಗೆ?

ಖಾಲಿ ಓಡುವಾಗ ಸುಮ್ಮನಿದ್ದ ಲಾರಿ ಪಣಂಬೂರಿನಲ್ಲಿ ಕಲ್ಲಿದ್ದಲು ತುಂಬಿಸಿಕೊಂಡು ಹೊರಟರೆ ಸುರತ್ಕಲ್ ದಾಟುವಷ್ಟರಲ್ಲಿ ನಡುಗತೊಡಗುತ್ತದೆ. ಗ್ಯಾರೇಜಿಗೆ ಒಯ್ದರೆ ಮೊದಲು ಅಲೈನ್‌ಮೆಂಟ್, ಆಮೇಲೆ ಟಯರ್, ಆಮೇಲೆ ಹಿಂದಕ್ಕೆ ಹೋಗುವ ಉದ್ದ ಶಾಫ್ಟನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗ್. ಬಿಲ್ಲು ಏರುತ್ತದೆ, ನಡುಕ ಮಾತ್ರ ಹಾಗೇ ಇರುತ್ತದೆ. ಅಲೈನ್‌ಮೆಂಟ್ ತಪ್ಪಿದರೆ ಟಯರ್ ಸವೆಯುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ. ನಡುಕಕ್ಕೆ ಅದು ಕಾರಣವಾಗುವುದು ಅಪರೂಪ. ತಿರುಗುವ ಯಾವುದೋ ಭಾಗ ಸಮವಾಗಿ ತಿರುಗುತ್ತಿಲ್ಲ, ಹಾಗಾಗಿ ಗಾಡಿ ನಡುಗುತ್ತಿದೆ. ಅದು ಎಷ್ಟು ವೇಗದಲ್ಲಿ ತಿರುಗುವ ಭಾಗ ಎಂದು ತಿಳಿಯುವ ತನಕ ಸ್ಪ್ಯಾನರ್ ಹಿಡಿಯಬೇಡಿ.

ಮೊದಲ ಕೆಲಸ ರಸ್ತೆಯಲ್ಲಿ

ಮುಲ್ಕಿ–ಪಡುಬಿದ್ರಿ ನಡುವಿನಂಥ ಸಮತಟ್ಟು ಹೆದ್ದಾರಿ, ವಾಹನ ಕಡಿಮೆ ಇರುವ ಮುಂಜಾನೆ ಇದಕ್ಕೆ ಒಳ್ಳೆಯದು. ಹೊರಡುವ ಮುಂಚೆ ಎಲ್ಲ ಟಯರಿಗೂ ಗಾಳಿ ಸರಿಮಾಡಿ, ಜೋಡಿ ಟಯರಿನ ನಡುವೆ ಸಿಕ್ಕಿದ ಕಲ್ಲು ತೆಗೆಯಿರಿ. ರಿಮ್ಮಿನ ಒಳಬದಿಗೂ ಒಮ್ಮೆ ಕೈ ಹಾಕಿ ನೋಡಿ. ಮಳೆಗಾಲದಲ್ಲಿ ಕೆಂಪುಕಲ್ಲಿನ ಕೋರೆಗೆ ಹೋಗಿ ಬಂದ ಗಾಡಿಯಲ್ಲಿ ಮಣ್ಣು ಅಲ್ಲಿ ಒಂದೇ ಬದಿಗೆ ಹೆಪ್ಪುಗಟ್ಟಿರುತ್ತದೆ. ಎಷ್ಟೋ ಸಲ ಅದನ್ನು ಕೆರೆದು ತೆಗೆದರೆ ಅಲ್ಲಿಗೇ ಕೆಲಸ ಮುಗಿಯಿತು. ಲೋಡಿನಲ್ಲಿ ರಾತ್ರಿಯಿಡೀ ನಿಂತ ಟಯರಿನ ತಳ ಚಪ್ಪಟೆಯಾಗಿರುತ್ತದೆ, ಹತ್ತಿಪ್ಪತ್ತು ಕಿ.ಮೀ. ಓಡಿ ಬಿಸಿಯಾದ ಮೇಲಷ್ಟೇ ಪರೀಕ್ಷೆ ಶುರುಮಾಡಿ. ಯಾವ ಲೋಡಿನಲ್ಲಿ ನಡುಗುತ್ತದೋ ಅದೇ ಲೋಡು ಇರಲಿ. ಡ್ರೈವರ್ ಓಡಿಸಲಿ, ಬರೆದುಕೊಳ್ಳುವವರು ಪಕ್ಕದಲ್ಲಿ ಕೂರಲಿ.

ಯಾವ ವೇಗಕ್ಕೆ ಶುರುವಾಗುತ್ತದೆ, ಯಾವುದಕ್ಕೆ ನಿಲ್ಲುತ್ತದೆ ಎಂದು ಬರೆದುಕೊಳ್ಳಿ. ನಂತರ ಒಂದು ಗೇರ್ ಇಳಿಸಿ ಅದೇ ವೇಗಕ್ಕೆ ತನ್ನಿ. ಎಂಜಿನ್ ಮಿತಿ ಮೀರುವಂತಿದ್ದರೆ ಬೇಡ. ಎಂಜಿನ್ ಸುತ್ತು ಏರಿದರೂ ನಡುಕ ಅದೇ 60ಕ್ಕೇ ಬಂದರೆ ತೊಂದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಅಥವಾ ಚಕ್ರಗಳಲ್ಲಿ. ಟಾಪ್ ಗೇರಿನಲ್ಲಷ್ಟೇ ನೋಡಿ ತೀರ್ಮಾನಿಸಬೇಡಿ: ಡೈರೆಕ್ಟ್ ಟಾಪ್ ಇರುವ ಗಾಡಿಯಲ್ಲಿ ಎಂಜಿನ್ನೂ ಪ್ರೊಪೆಲ್ಲರ್ ಶಾಫ್ಟೂ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಉದ್ದ ಶಾಫ್ಟ್) ಒಂದೇ ವೇಗದಲ್ಲಿ ತಿರುಗುತ್ತವೆ, ಬೇರ್ಪಡಿಸಿ ಹೇಳಲಾಗದು. ಮೂರನೆಯದಾಗಿ, ನಡುಗುವಾಗ ಕ್ಲಚ್ ಒತ್ತಿ ಕ್ಷಣಕಾಲ ಗಾಡಿ ತಾನಾಗಿ ಉರುಳಲಿ. ನಡುಕ ನಿಂತರೆ ಎಂಜಿನ್ ಕಡೆಯದು, ಇಲ್ಲವೇ ಎಳೆತ ಬಿದ್ದಾಗ ಮಾತ್ರ ಬರುವಂಥದ್ದು. ಈ ಪರೀಕ್ಷೆ ಸಮತಟ್ಟಿನಲ್ಲಿ ಮಾತ್ರ. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಕ್ಲಚ್ ಒತ್ತಿ ಉರುಳಿಸುವುದು ಹುಚ್ಚಾಟ.

ಬ್ರೇಕ್ ತುಳಿದಾಗ ಮಾತ್ರ ನಡುಗಿದರೆ ಬ್ರೇಕ್ ಡ್ರಮ್ ಓವಲ್ ಆಗಿದೆ. ಘಾಟಿ ಇಳಿದ ಬಿಸಿ ಡ್ರಮ್ಮಿಗೆ ನೀರು ಹೊಡೆಯುವವರಿಗೆ ಇದು ಬೇಗ ಬರುತ್ತದೆ. ನಿಂತಲ್ಲೇ ರೇಸ್ ಕೊಟ್ಟರೂ ನಡುಗಿದರೆ ಎಂಜಿನ್ ಮೌಂಟಿಂಗ್ ರಬ್ಬರ್, ಮುರಿದ ಫ್ಯಾನ್ ಎಲೆ, ಕೆಲಸ ಮಾಡದ ಇಂಜೆಕ್ಟರ್ ನೋಡಿ.

ಐದೋ ಮೂವತ್ತೋ?

ಯಾವ ಭಾಗ ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಲೆಕ್ಕದಿಂದ ತಿಳಿಯಬಹುದು. ಟಯರಿಗೂ ನೆಲಕ್ಕೂ ಸೇರುವಂತೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಸುತ್ತು ಉರುಳಿಸಿ, ನೆಲದ ಮೇಲೆ ದೂರ ಅಳೆಯಿರಿ. 10.00 ಆರ್ 20 ಟಯರ್ ಸುಮಾರು 3.3 ಮೀಟರ್ ಉರುಳುತ್ತದೆ. ಅಂದರೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಐದು ಸುತ್ತು. ಹೌಸಿಂಗಿನ (ಹಿಂದಿನ ಆಕ್ಸಲಿನ ಕವಚ) ಒಳಗಿನ ಕ್ರೌನ್ ಪಿನಿಯನ್ ಗೇರಿನ ಅನುಪಾತ 6 ಇದ್ದರೆ ಪ್ರೊಪೆಲ್ಲರ್ ಶಾಫ್ಟ್ ಅದರ ಆರು ಪಟ್ಟು, ಮೂವತ್ತು ಸುತ್ತು. ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್ ಸವೆದಿದ್ದರೆ ಅಥವಾ ಅದರ ಕೋನ ತಪ್ಪಿದ್ದರೆ ಒಂದು ಸುತ್ತಿಗೆ ಎರಡು ಸಲ ತಟ್ಟುತ್ತದೆ, ಅರವತ್ತು.

ಐದರ ನಡುಕವನ್ನು ಕೈಯಲ್ಲೇ ಎಣಿಸಬಹುದು: ಸ್ಟೇರಿಂಗ್ ಎಡಬಲ ಕುಲುಕುತ್ತದೆ, ಕನ್ನಡಿ ಅಲ್ಲಾಡುತ್ತದೆ. ಮೂವತ್ತು ದಾಟಿದ್ದು ಎಣಿಕೆಗೆ ಸಿಗದು. ಗುಂಯ್ ಎನ್ನುತ್ತ ಪಾದದಡಿಯ ತಗಡಿಗೂ ಸೀಟಿಗೂ ಬರುತ್ತದೆ. ಮೊಬೈಲಿನಲ್ಲಿ ನಡುಕ ಅಳೆಯುವ ಆ್ಯಪ್ ಹಾಕಿ ಫೋನನ್ನು ಸೀಟಿನ ಬುಡದ ಕಬ್ಬಿಣಕ್ಕೆ ಒತ್ತಿ ಹಿಡಿದರೆ ಅಂಕಿಯೇ ಕಾಣುತ್ತದೆ.

ಐದು ಬಂದರೆ

ಚಕ್ರಗಳನ್ನು ನೋಡಿ. ಸ್ಟೇರಿಂಗ್ ಕುಲುಕಿದರೆ ಮುಂದಿನವು, ಸೀಟು ಕುಲುಕಿದರೆ ಹೆಚ್ಚಾಗಿ ಹಿಂದಿನವು. ಲಿಫ್ಟ್ ಆಕ್ಸಲ್ ಇದ್ದು ಖಾಲಿಯಲ್ಲೂ ನಡುಗುವ ಗಾಡಿಯಾದರೆ ಆ ಆಕ್ಸಲನ್ನು ಎತ್ತಿ ಖಾಲಿಯಾಗಿಯೇ ಓಡಿಸಿ ನೋಡಿ; ನಡುಕ ನಿಂತರೆ ಹುಡುಕುವ ಜಾಗ ಅಷ್ಟಕ್ಕೇ ಬಂತು.

ಚಕ್ರ ಜಾಕಿ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಉಳಿದವಕ್ಕೆ ಅಡೆ ಇಡಿ. ಟಯರಿನ ಹತ್ತಿರ ಕದಲದಂತೆ ಒಂದು ಕಬ್ಬಿಣದ ಕಡ್ಡಿ ನಿಲ್ಲಿಸಿ, ಕೈಯಿಂದ ತಿರುಗಿಸುತ್ತಾ ಅಂತರ ನೋಡಿ. ಆ ಅಂತರದ ಏರಿಳಿತ 3 ಮಿ.ಮೀ. ದಾಟಬಾರದು. ದಾಟಿದರೆ ರಿಮ್ಮಿನ ಅಂಚನ್ನೂ ಹಾಗೆಯೇ ನೋಡಿ. ರಿಮ್ ಸರಿಯಿದ್ದು ಟಯರ್ ಏರಿಳಿದರೆ ಬೀಡ್ (ರಿಮ್ಮಿಗೆ ಕೂರುವ ಟಯರಿನ ಅಂಚು) ಸರಿಯಾಗಿ ಕೂತಿಲ್ಲ, ಇಲ್ಲವೇ ರಿಸೋಲ್ (ಹಳೆ ಟಯರಿನ ಮೇಲೆ ಹಾಕಿಸಿದ ಹೊಸ ರಬ್ಬರ್) ಸಮವಾಗಿಲ್ಲ. ಬೀಡ್ ಪಕ್ಕದ ತೆಳು ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿರಬೇಕು. ಬಿಚ್ಚುವುದಿದ್ದರೆ ವಾಲ್ವ್ ಪಿನ್ ತೆಗೆದು, ಜೋಡಿಯಿದ್ದರೆ ಎರಡರದೂ, ಗಾಳಿ ಪೂರ್ತಿ ಇಳಿಸಿದ ಮೇಲೆಯೇ ನಟ್ಟಿಗೂ, ಟಯರನ್ನು ರಿಮ್ಮಿನಲ್ಲಿ ಹಿಡಿದಿಡುವ ಲಾಕ್ ರಿಂಗಿಗೂ ಕೈ ಹಾಕಿ. ಗಾಳಿಯಿರುವಾಗ ಹಾರಿದ ರಿಂಗ್ ತಲೆ ಒಡೆಯುತ್ತದೆ. ಮರಳಿ ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. 50ರಿಂದ 100 ಕಿ.ಮೀ. ಓಡಿದ ಮೇಲೆ, ಅಂದರೆ ಮಂಗಳೂರಿನಿಂದ ಹೊರಟು ಉಡುಪಿ ಮುಟ್ಟಿದ ಮೇಲೆ, ಇನ್ನೊಮ್ಮೆ.

ಮೂವತ್ತು ಅಥವಾ ಅರವತ್ತು ಬಂದರೆ

ಈಗ ಗಾಡಿಯ ಅಡಿಗೆ ಹೋಗಬೇಕು. ಎಂಜಿನ್ ಬಂದ್, ಗೇರ್ ನ್ಯೂಟ್ರಲ್, ಚಕ್ರಗಳಿಗೆ ಎರಡೂ ಕಡೆ ಅಡೆ. ಶಾಫ್ಟಿನಲ್ಲಿ ಪೆಟ್ಟು ಬಿದ್ದ ತಗ್ಗು, ಅಂಟಿದ ಡಾಂಬರು, ಬ್ಯಾಲೆನ್ಸ್ ತುಂಡು ಉದುರಿ ಉಳಿದ ವೆಲ್ಡಿಂಗ್ ಗುರುತು ಹುಡುಕಿ. ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಅರ್ಧ ಮಿ.ಮೀ. ದಾಟಿದರೆ ಶಾಫ್ಟ್ ಬಾಗಿದೆ.

ಕ್ರಾಸ್ ಪಕ್ಕದ ಯೋಕ್ (ಕ್ರಾಸನ್ನು ಹಿಡಿದಿರುವ ಕವೆ) ಹಿಡಿದು ತಿರುಚಿ, ಮೇಲಕ್ಕೂ ಕೆಳಕ್ಕೂ ಎತ್ತಿ ನೋಡಿ. ಕೈಗೆ ಆಟ ಸಿಕ್ಕಿದರೆ ಬದಲಿಸಲೇಬೇಕು. ಕ್ರಾಸಿನ ತುದಿಗೆ ಟೊಪ್ಪಿಯಂತೆ ಕೂತ ಕಪ್ಪಿನ ಸುತ್ತ ಕೆಂಪು ಹುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಒಣಗಿದೆ. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿಯಲ್ಲಿ ಇದು ಸಾಮಾನ್ಯ. ಗ್ರೀಸ್ ಗನ್ ಹೊಡೆಯುವಾಗ ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಹೊರಗೆ ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬಾರದಿದ್ದರೆ ಆ ಒಂದೇ ಕಪ್ಪು ಮುಂದೆ ಇಡೀ ಕ್ರಾಸನ್ನು ತಿನ್ನುತ್ತದೆ.

ಹಿಂದೆ ಯಾರಾದರೂ ಶಾಫ್ಟ್ ಬಿಚ್ಚಿದ್ದರೆ ಸ್ಲಿಪ್ ಜಾಯಿಂಟಿನ (ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ) ಬಾಣದ ಗುರುತುಗಳು ಎದುರುಬದುರಾಗಿವೆಯೇ ನೋಡಿ. ಒಂದೇ ಹಲ್ಲು ಆಚೀಚೆ ಕೂತರೂ ಎರಡು ತುದಿಯ ಯೋಕ್‌ಗಳ ಸಾಲು ತಪ್ಪುತ್ತದೆ, ಎಷ್ಟು ಹೊಸ ಕ್ರಾಸ್ ಹಾಕಿದರೂ ನಡುಕ ಹೋಗದು. ಬಿಚ್ಚುವ ಮುಂಚೆ ಪೇಂಟಿನಲ್ಲಿ ಗೆರೆ ಎಳೆದುಕೊಳ್ಳುವುದು ಎರಡು ನಿಮಿಷದ ಕೆಲಸ. ಅದನ್ನೇ ಹೆಚ್ಚಿನವರು ಬಿಡುತ್ತಾರೆ. ಸೆಂಟರ್ ಬೇರಿಂಗಿನ ರಬ್ಬರ್ ಹರಿದು ಶಾಫ್ಟ್ ಕೆಳಗೆ ಜೋತುಬಿದ್ದಿದ್ದರೆ ಲೋಡ್ ಹಾಕಿ ಹೊರಡುವಾಗಲೇ ಗಡಗಡ ಎನ್ನುತ್ತದೆ.

ಇಷ್ಟೂ ಸರಿಯಿದ್ದು ಲೋಡಿನಲ್ಲಿ ಮಾತ್ರ ನಡುಗಿದರೆ ಕೋನ ಅಳೆಯಿರಿ. ಸಮ ನೆಲದಲ್ಲಿ, ಲೋಡ್ ಇರುವಾಗಲೇ, ಗೇರ್‌ಬಾಕ್ಸಿನ ಹಿಂದಿನ ಫ್ಲ್ಯಾಂಜಿಗೂ (ಶಾಫ್ಟ್ ಬೋಲ್ಟಾಗುವ ತಟ್ಟೆ) ಹೌಸಿಂಗಿನ ಪಿನಿಯನ್ ಫ್ಲ್ಯಾಂಜಿಗೂ ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ನೋಡಿ. ಸಾಮಾನ್ಯ ಜೋಡಣೆಯಲ್ಲಿ ಎರಡೂ ಒಂದೇ ಕೋನದಲ್ಲಿರಬೇಕು, ವ್ಯತ್ಯಾಸ 1 ಡಿಗ್ರಿ ದಾಟಬಾರದು. ಹೆಚ್ಚು ಹೊರಲೆಂದು ಪಟ್ಟಾಕ್ಕೆ (ಸ್ಪ್ರಿಂಗ್ ಪ್ಲೇಟುಗಳ ಕಟ್ಟು) ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ ಗಾಡಿಗಳಲ್ಲಿ, ಅದನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಸಡಿಲಾಗಿ ಸೆಂಟರ್ ಬೋಲ್ಟ್ ತುಂಡಾದವುಗಳಲ್ಲಿ ಹೌಸಿಂಗ್ ತಿರುಗಿಕೊಂಡು ಈ ಲೆಕ್ಕ ತಪ್ಪಿರುತ್ತದೆ. ಬೋಲ್ಟ್ ಬದಲಿಸಿ, ಪ್ಲೇಟ್ ಮೊದಲಿನಂತೆ ಮಾಡಿಸಿ. ಆಮೇಲೂ ವ್ಯತ್ಯಾಸ ಉಳಿದರೆ ಆಕ್ಸಲಿಗೂ ಪಟ್ಟಾಕ್ಕೂ ನಡುವೆ ಓರೆ ಪ್ಲೇಟ್ ಕೊಟ್ಟು ಸರಿಪಡಿಸಬಹುದು. ನಂತರ ಅದೇ ಲೋಡು, ಅದೇ ರಸ್ತೆ, ಅದೇ ವೇಗದಲ್ಲಿ ಓಡಿಸಿ, ಮೊದಲು ಬರೆದಿಟ್ಟ ಅಂಕಿಗೆ ಹೋಲಿಸಿ ನೋಡಿ.