ಹೊಳೆ ನೀರು ಇಳಿದ ಮೇಲೆ ಮನೆ, ಅಂಗಡಿಗೆ ನೆರವು ಮತ್ತು ಸಾಲ ಪಡೆಯುವುದು ಹೇಗೆ?

ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರು ಎಂಬ ಸುದ್ದಿ ಬಂದರೆ ಸಾಕು, ಅಫಜಲಪುರ, ಜೇವರ್ಗಿ ಕಡೆ ಭೀಮಾ ದಂಡೆಯ ಊರುಗಳಿಗೆ ನಿದ್ದೆ ಇರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಹೊಳೆ ಊರೊಳಗೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಂತು. ನೀರು ಇಳಿದ ಮೊದಲ ವಾರದಲ್ಲಿ ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಮೊದಲು ಫೋಟೊ, ಆಮೇಲೆ ಕಸಬರಿಗೆ. ಕೆಸರು ತೆಗೆಯುವ ಅವಸರ ಎಲ್ಲರಿಗೂ ಇರುತ್ತದೆ, ಆದರೆ ಕೆಸರಿನ ಜೊತೆ ಸಾಕ್ಷಿಯೂ ಹೋಗಿಬಿಡುತ್ತದೆ. ಗೋಡೆ ಮೇಲಿನ ನೀರಿನ ಗೆರೆ, ಕುಸಿದ ಮಾಳಿಗೆ, ನೆನೆದ ಜೋಳದ ಚೀಲ, ಎಲ್ಲವನ್ನೂ ತೆಗೆದಿಡಿ. ಅಂಗಡಿಯವರು ಹಾಳಾದ ಸರಕನ್ನು ಎಣಿಸಿ ಪಟ್ಟಿ ಬರೆಯಿರಿ. ಖರೀದಿ ಬಿಲ್ ತೊಯ್ದು ಹೋಗಿದ್ದರೆ ಮಾಲು ಕೊಟ್ಟ ಸಗಟು ವ್ಯಾಪಾರಿಯಿಂದ ನಕಲು ತರಿಸಿ.

ಎರಡನೆಯದು ಪಂಚನಾಮೆ, ಅಂದರೆ ಅಧಿಕಾರಿ ಸ್ಥಳಕ್ಕೆ ಬಂದು ಹಾನಿಯನ್ನು ಬರೆದುಕೊಳ್ಳುವ ದಾಖಲೆ. ತಹಸೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ತಲಾಠಿ (ಗ್ರಾಮ ಲೆಕ್ಕಿಗ) ಬಂದಾಗ ಮನೆಯಲ್ಲೇ ಇರಿ. ‘ಪೂರ್ತಿ’ ಎಂದು ಬರೆದರೋ ‘ಭಾಗಶಃ’ ಎಂದರೋ, ಅಲ್ಲೇ ಕೇಳಿ. ಯಾಕೆಂದರೆ ಕೇಂದ್ರದ 2022–26ರ ವಿಪತ್ತು ನೆರವಿನ ಮಾರ್ಗಸೂಚಿಯಲ್ಲಿ ಪೂರ್ತಿ ಬಿದ್ದ ಮನೆಗೆ 1.2 ಲಕ್ಷ ರೂಪಾಯಿ, ಭಾಗಶಃ ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಒಂದು ಪದಕ್ಕೆ ಎಷ್ಟು ಅಂತರ ನೋಡಿ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಉತಾರ (ಆಸ್ತಿ ದಾಖಲೆ) ಇನ್ನೂ ಅಜ್ಜನ ಹೆಸರಲ್ಲೇ ಇದೆ, ಅಲ್ವಾ? ಮಳೆಗಾಲಕ್ಕೆ ಮುಂಚೆಯೇ ಅದನ್ನು ಸರಿಮಾಡಿಕೊಳ್ಳಿ.

ಅದೇ ಮಾರ್ಗಸೂಚಿಯಲ್ಲಿ ನೇಕಾರರು, ಕುಶಲಕರ್ಮಿಗಳ ಸಲಕರಣೆಗೆ 5,000, ಹಾಳಾದ ಮಾಲಿಗೆ 5,000 ಇದೆ. ಕಿರಾಣಿ ಅಂಗಡಿಯ ಸರಕಿಗೆ ಒಂದು ಸಾಲೂ ಇಲ್ಲ. ಇದು ದೊಡ್ಡ ಕೊರತೆ. ನೆರೆ ಬಂದ ತಾಲ್ಲೂಕಿನಲ್ಲಿ ಕಂದಾಯದವರೂ ಬ್ಯಾಂಕಿನವರೂ ಒಂದೇ ಮೇಜಿಗೆ ಕೂತು, ಆ ಪಂಚನಾಮೆಯನ್ನೇ ನಂಬಿ ಕಡಿಮೆ ಬಡ್ಡಿಯ ಸಾಲ ಕೊಡುವ ವ್ಯವಸ್ಥೆ ಬರಬೇಕು. ಅಂಗಡಿ ಬಾಗಿಲು ತೆರೆಯದಿದ್ದರೆ ಊರಿಗೆ ಉದ್ದರಿ ಕೊಡುವವರು ಯಾರು?

ಸದ್ಯಕ್ಕೆ ಬ್ಯಾಂಕಿಗೆ ಹೋಗಿ. ಹೊಸ ಸಾಲ ಕೇಳುವ ಮುಂಚೆ ಪಾಸ್‌ಬುಕ್ ನೋಡಿ. ವ್ಯಾಪಾರದ ಸಾಲ ಇದ್ದವರ ಖಾತೆಯಿಂದ ಸರಕಿನ ವಿಮೆಗೆ ಹಣ ಕಡಿತವಾಗಿರುವುದುಂಟು. ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಪಾಲಿಸಿಯಲ್ಲಿ ಪ್ರವಾಹ ಸೇರಿದ್ದರೆ ತಡಮಾಡದೆ ವಿಮಾ ಕಂಪನಿಗೆ ತಿಳಿಸಿ.

ಹಳೆ ಸಾಲದ ಕಂತು ತಪ್ಪುವವರೆಗೆ ಕಾಯಬೇಡಿ. ನೆರೆಗೆ ಮುಂಚೆ ಸರಿಯಾಗಿ ಕಟ್ಟುತ್ತಿದ್ದವರ ಸಾಲದ ಅವಧಿ ಬದಲಿಸಿಕೊಡಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ಬಾಯಿಮಾತಲ್ಲಿ ಸುಮ್ನೆ ಹೇಳಿ ಬರಬೇಡಿ, ಪತ್ರ ಬರೆದು ಪಂಚನಾಮೆ ನಕಲು ಲಗತ್ತಿಸಿ.

ಹೊಸ ಬಂಡವಾಳ ಬೇಕಿದ್ದರೆ ಸಣ್ಣ ವ್ಯಾಪಾರಿಗಳಿಗೆಂದೇ ಕೇಂದ್ರದ ಮುದ್ರಾ ಸಾಲವಿದೆ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ. ಆಸ್ತಿ ಅಡವಿಡಬೇಕಿಲ್ಲ. ಇದು ಸಹಾಯಧನವಲ್ಲ, ತೀರಿಸಬೇಕಾದ ಸಾಲ. ಹಾಗಾಗಿ ಅಂಗಡಿ ತುಂಬಲು ಬೇಕಾದಷ್ಟೇ ಕೇಳಿ. ಬ್ಯಾಂಕಿನವರು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಕೇಳಬಹುದು. ಅದು ಪೂರ್ತಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ.

ಸಾಲ ಕೊಡುವುದು ಬಿಡುವುದು ಬ್ಯಾಂಕಿನ ತೀರ್ಮಾನ. ಆದರೆ ಅರ್ಜಿಗೆ ಉತ್ತರವನ್ನೇ ಕೊಡದೆ ಸತಾಯಿಸುವ ಹಾಗಿಲ್ಲ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು, ಅದಕ್ಕೆ ಶುಲ್ಕವಿಲ್ಲ. ಹೇಗೆಂದು ತಿಳಿಯಲು 14448ಕ್ಕೆ ಕರೆ ಮಾಡಿ. ಆಗ ತಹಸೀಲ್ದಾರ್ ಕಚೇರಿ ಕೊಟ್ಟ ಆ ಸ್ವೀಕೃತಿ ಚೀಟಿ ಕೈಯಲ್ಲಿರಲಿ.